ಮಗಳಿಗೆ ಗುಡ್ಡದ ಸೈಕಲ್ ಕೊಳ್ಳುವ ಮುನ್ನ



“ಅಮ್ಮೀ, ಭಾನುವಾರ ಅಣ್ಣನ ಜೊತೆ ನಾನೂ ಗುಡ್ಡದ ಕಡೆ ಹೋಗುತ್ತೇನೆ, ದಪ್ಪ ಟಯರಿನ ಸೈಕಲ್ ಕೊಡಿಸಿ” ಎಂದು ನಿಮ್ಮ ಮಗಳೂ ಕೇಳಿರಬಹುದು. “ಹುಡುಗಿಗೆ ಅದೆಲ್ಲ ಯಾಕೆ?” ಎಂದು ಬಾಯಿ ಮುಚ್ಚಿಸಬೇಡಿ. 2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಎಷ್ಟೋ ಹಳ್ಳಿಗಳ ಹೆಣ್ಣು ಮಕ್ಕಳು ಅದರ ಮೇಲೆಯೇ ಹೈಸ್ಕೂಲಿಗೆ ಹೋಗಿ ಬಂದರು. ಶಾಲೆಗೆ ಬೇಕಾದ ಸೈಕಲ್ ರಜೆಯ ದಿನದ ವ್ಯಾಯಾಮಕ್ಕೆ ಬೇಡವೇ? ಆದರೆ ಹಣ ಕೊಡುವ ಮೊದಲು ಸ್ವಲ್ಪ ಯೋಚಿಸಿ.

ಈ ವಿಷಯದಲ್ಲಿ ನಾನೇ ಎಡವಿದ್ದೇನೆ. ಮಗಳು ಬೆಳೆಯುತ್ತಾಳೆ, ನಾಲ್ಕು ವರ್ಷ ಬಾಳಿಕೆ ಬರಲಿ ಎಂದು ದೊಡ್ಡ ಅಳತೆಯ, ಹಿಂದೆ ಮುಂದೆ ಸ್ಪ್ರಿಂಗ್ ಇರುವ, 21 ಗೇರಿನ ಸೈಕಲ್ ತಂದೆ. ಬಸವಕಲ್ಯಾಣದಿಂದ ನಾರಾಯಣಪುರದ ಕಡೆ ಹೋದ ಮೊದಲ ಭಾನುವಾರವೇ ಇಳಿಜಾರಿನಲ್ಲಿ ನಿಲ್ಲಿಸಲು ಹೋಗಿ, ಕಾಲು ನೆಲಕ್ಕೆ ಎಟುಕದೆ ಬಿದ್ದಳು. ಮೊಣಕಾಲಿನ ಗಾಯ ವಾರದಲ್ಲಿ ವಾಸಿಯಾಯಿತು. ಭಯ ಹೋಗಲು ವರ್ಷ ಹಿಡಿಯಿತು. ಸೈಕಲ್ ಅಂಗಳದಲ್ಲಿ ತುಕ್ಕು ಹಿಡಿಯಿತು.

ಆದ್ದರಿಂದ ಮಗಳನ್ನು ಅಂಗಡಿಗೆ ಕರೆದುಕೊಂಡೇ ಹೋಗಿ. ಸೈಕಲಿನ ನಡುಪಟ್ಟಿಯ ಎರಡೂ ಬದಿಗೆ ಕಾಲಿಟ್ಟು ಅವಳು ನಿಂತಾಗ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು, ಪಟ್ಟಿಗೂ ಮೈಗೂ ಎರಡು ಅಂಗುಲವಾದರೂ ಅಂತರವಿರಬೇಕು. ಐದು ಅಡಿಗಿಂತ ಗಿಡ್ಡ ಇದ್ದರೆ 24 ಅಂಗುಲದ ಗಾಲಿ, ಅದಕ್ಕಿಂತ ಎತ್ತರವಿದ್ದರೆ 26 ಅಂಗುಲದ್ದು ಸಾಮಾನ್ಯವಾಗಿ ಹೊಂದುತ್ತದೆ.

ಅಳತೆಯ ನಂತರ ಬ್ರೇಕ್. ಗುಡ್ಡದ ಸೈಕಲ್ ಸವಾರಿ ಬೆಳೆದದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ. ಅಲ್ಲಿನ ಯುವಕರ ಬಳಿ ಇದ್ದದ್ದು ದಪ್ಪ ಟಯರಿನ ಹಳೆಯ ಸೈಕಲ್‌ಗಳು. 1976ರಲ್ಲಿ ಆರಂಭವಾದ ಅವರ ಇಳಿಜಾರು ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಇಳಿಯುವಷ್ಟರಲ್ಲಿ ಬ್ರೇಕಿನ ಗ್ರೀಸ್ ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತಂತೆ! ಹಳೆಯ ಸೈಕಲ್ ಸಾಕಾಯಿತು, ಬ್ರೇಕ್ ಸಾಲಲಿಲ್ಲ. ಮಗಳ ಪುಟ್ಟ ಬೆರಳಿಗೆ ಲಿವರ್ ಸಿಗುತ್ತದೆಯೇ, ಒತ್ತಿದರೆ ಗಾಲಿ ನಿಲ್ಲುತ್ತದೆಯೇ ನೋಡಿ. ಗಾಲಿಯ ಅಂಚು ಹಿಡಿಯುವ ವಿ-ಬ್ರೇಕ್ ಅಗ್ಗ, ದುರಸ್ತಿಯೂ ಸುಲಭ. ಕೆಸರಿನಲ್ಲಿ ಡಿಸ್ಕ್ ಬ್ರೇಕ್ ಮೇಲು.

ಕಡಿಮೆ ಬೆಲೆಯ ಸೈಕಲಿನ ಹಿಂದಿನ ಸ್ಪ್ರಿಂಗಿಗೆ ಮರುಳಾಗಬೇಡಿ. ಅದು ಭಾರ ಹೆಚ್ಚಿಸಿ, ತುಳಿದ ಶಕ್ತಿಯಲ್ಲಿ ಒಂದು ಪಾಲು ನುಂಗುತ್ತದೆ. ಎರಡು ಅಂಗುಲದಷ್ಟು ಅಗಲದ, ಹಲ್ಲುಗಳಿರುವ ಟಯರೇ ನಮ್ಮ ಮೊರಂ ದಾರಿಯ ಕುಲುಕಾಟವನ್ನು ಬಹಳಷ್ಟು ತಡೆಯುತ್ತದೆ. 21 ಗೇರ್ ಬೇಕಿಲ್ಲ. ಹಿಂದೆ ಏಳು ಗೇರ್ ಇದ್ದರೆ ಸಾಕು, ಗೇರ್ ಇಲ್ಲದಿದ್ದರೂ ಸಣ್ಣ ದಿಬ್ಬಗಳಿಗೆ ನಡೆಯುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ ಕೊಳ್ಳಿ.

ಅಂಗಡಿಯವರು ಹೇಳಲು ಮರೆಯುವ ಒಂದು ಮಾತಿದೆ. ಇಂತಹ ಅನೇಕ ಸೈಕಲ್‌ಗಳಿಗೆ ಚೈನ್ ಕವರ್ ಇರುವುದಿಲ್ಲ. ಶಲವಾರಿನ ಅಂಚು, ದುಪಟ್ಟಾ, ಬುರ್ಖಾದ ತುದಿ ಚೈನಿಗೆ ಸಿಕ್ಕಿದರೆ ಅಪಾಯ. ಕವರ್ ಹಾಕಿಸಿ, ಆಗದಿದ್ದರೆ ಕಣಕಾಲಿಗೆ ಅಗಲ ರಬ್ಬರ್ ಪಟ್ಟಿ ಕಟ್ಟಿ. ದುಪಟ್ಟಾವನ್ನು ಪಿನ್ ಮಾಡಿ ಒಳಗೆ ಸೇರಿಸಲಿ.

ಮೊದಲ ಸವಾರಿ ಹತ್ತಿರದ್ದೇ ಇರಲಿ. ಬಸವಕಲ್ಯಾಣದವರು ನಾರಾಯಣಪುರದ ಕಡೆ ಹೋಗಬಹುದು. ಹುಮನಾಬಾದಿನವರು ಅಭ್ಯಾಸವಾದ ಮೇಲೆ ಜಲಸಂಗಿಗೆ ಹೋಗಲಿ. ಅಲ್ಲಿನ ಚಾಲುಕ್ಯರ ಕಾಲದ ದೇವಾಲಯದಲ್ಲಿ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವನ್ನು ಮಕ್ಕಳು ನೋಡಲೇಬೇಕು. ಲಾರಿಗಳು ಓಡಾಡುವ ಹೈದರಾಬಾದ್-ಪುಣೆ ಹೆದ್ದಾರಿ ಬೇಡವೇ ಬೇಡ. ಮಳೆ ಬಿದ್ದ ಮರುದಿನ ಎರೆ ಹೊಲದ ದಾರಿಯೂ ಬೇಡ, ಆ ಅಂಟು ಮಣ್ಣು ಗಾಲಿಯನ್ನೇ ತಿರುಗಗೊಡದು.

ಕಳೆದ ಚಳಿಗಾಲದಲ್ಲಿ ಮಗಳ ಅಳತೆಯ, ಗೇರಿಲ್ಲದ ಹಳೆಯ ಸೈಕಲೊಂದನ್ನು ಕಡಿಮೆ ಬೆಲೆಗೆ ತಂದು, ಬ್ರೇಕ್ ರಬ್ಬರ್ ಹೊಸದು ಹಾಕಿಸಿದೆ. ಅದೇ ಇಳಿಜಾರಿನಲ್ಲಿ ಅವಳು ಎರಡೂ ಕಾಲೂರಿ ನಿಂತು, ಹಿಂತಿರುಗಿ ನೋಡಿ ನಕ್ಕಳು. ದೊಡ್ಡ ಸೈಕಲಿಗೆ ಸುರಿದ ಹಣ ನನಗೆ ಕಲಿಸಿದ್ದನ್ನು ನೀವು ಖರ್ಚಿಲ್ಲದೆ ಕಲಿಯಿರಿ, ಸಹೋದರಿಯರೇ.