ಮಕ್ಕಳ ಆಹಾರ ಅಲರ್ಜಿ: ವೈದ್ಯರಿಗೂ ಬೇಕು ವಿಶೇಷ ತರಬೇತಿ

ಕಾಪು ತಾಲ್ಲೂಕಿನ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಇಷ್ಟು ಹೆಸರಾದ ಕಾಯಿಯನ್ನೂ ಮಕ್ಕಳ ತಟ್ಟೆಗೆ ಬಡಿಸುವಾಗ ಅನೇಕ ಮನೆಗಳ ಹಿರಿಯರು ಹಿಂಜರಿಯುತ್ತಾರೆ. ‘ಬದನೆ ನಂಜು, ಮೈಯೆಲ್ಲ ತುರಿಕೆಯಾದೀತು’ ಎನ್ನುತ್ತಾರೆ. ಈ ಮಾತಿನಲ್ಲಿ ಎಷ್ಟು ಸತ್ಯವಿದೆ?

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ವೈದ್ಯರೊಡಗೂಡಿ 741 ಜನರನ್ನು ಪರಿಶೀಲಿಸಿ, 2008ರಲ್ಲಿ ಇದಕ್ಕೆ ಉತ್ತರವಿತ್ತರು. ಬದನೆ ತಮಗೆ ಒಗ್ಗದೆಂದು ಹೇಳಿದವರು ಶೇ. 9.2ರಷ್ಟು, ನಿಜವಾದ ಅಲರ್ಜಿಯಿದ್ದವರು ಶೇ. 0.8ರಷ್ಟು ಮಾತ್ರ. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಲರ್ಜಿಯೆಂದು ನಾವು ಭಾವಿಸಿದ್ದೆಲ್ಲವೂ ಅಲರ್ಜಿಯಲ್ಲ. ಇವೆರಡನ್ನೂ ಬೇರ್ಪಡಿಸುವುದು ನುರಿತ ವೈದ್ಯರ ಕೆಲಸ. ಅದಕ್ಕೆ ಪ್ರತ್ಯೇಕ ತರಬೇತಿ ಬೇಕೆಂಬುದೇ ಈ ಲೇಖನದ ಆಶಯ.

ಪರೀಕ್ಷೆಯೇ ನಿರ್ಣಯವಲ್ಲ

ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಣ್ತೆರೆಸುವಂತಿದೆ. ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯಗಳು ಶೇ. 26.5ರಷ್ಟು ಜನರ ರಕ್ತದಲ್ಲಿ ಕಂಡುಬಂದವು. ಆದರೆ ಆ ಆಹಾರ ಸೇವಿಸಿದಾಗ ತೊಂದರೆಯೂ ಆಗುತ್ತಿದ್ದವರು ಕೇವಲ ಶೇ. 1.2. ಇದೇ ಯೋಜನೆಯ ಮಕ್ಕಳ ಅಧ್ಯಯನವು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ನಮ್ಮ ದೇಶದ ಮಕ್ಕಳ ಪ್ರಮಾಣ ಶೇ. 0.14, ಎಂದರೆ ಸಾವಿರಕ್ಕೆ ಒಬ್ಬಿಬ್ಬರು.

ಇಂದು ಪ್ರಯೋಗಾಲಯಗಳು ಒಂದೇ ರಕ್ತದ ಮಾದರಿಯಿಂದ ಹತ್ತಾರು ಆಹಾರಗಳ ಪಟ್ಟಿಯನ್ನೇ ಕೊಡುತ್ತವೆ. ಆ ಪಟ್ಟಿಯನ್ನು ನಂಬಿ ಹಾಲು, ಗೋಧಿ, ಬೇಳೆಗಳನ್ನು ಒಮ್ಮೆಗೇ ನಿಲ್ಲಿಸಿದರೆ ಬೆಳೆಯುವ ಮಗು ಸೊರಗುತ್ತದೆ. ಇಲ್ಲದ ಕಾಯಿಲೆಗೆ ಉಪವಾಸದ ಶಿಕ್ಷೆ ಸಲ್ಲದು.

ವೈದ್ಯರು ಕಲಿಯಬೇಕಾದುದೇನು?

ಮೊದಲನೆಯದು, ತಾಯಿಯ ಮಾತನ್ನು ತಾಳ್ಮೆಯಿಂದ ಆಲಿಸುವ ಕಲೆ. ಮಗು ಏನು ತಿಂದಿತು? ಎಷ್ಟು ತಿಂದಿತು? ಎಷ್ಟು ಹೊತ್ತಿನ ಮೇಲೆ ದದ್ದು ಎದ್ದಿತು? ಹಿಂದೆಯೂ ಹೀಗಾಗಿತ್ತೇ? ಆಮೇಲೆ ಅದೇ ಆಹಾರವನ್ನು ತಿಂದೂ ಸುಮ್ಮನಿತ್ತೇ? ಥಟ್ಟನೆ ತೋರುವ ಬಗೆಯ ಅಲರ್ಜಿಯು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ವೈರಾಣು ಜ್ವರದಲ್ಲಿಯೂ ಮೈಮೇಲೆ ದದ್ದುಗಳು ಏಳುತ್ತವೆ. ಅಂದು ತಿಂದ ತುತ್ತಿನ ಮೇಲೆ ವೃಥಾ ಅಪವಾದ ಬರುತ್ತದೆ.

ಎರಡನೆಯದು, ಹಾಲಿನ ವಿಷಯದಲ್ಲಿ ವಿವೇಚನೆ. ಭೇದಿಯಾದ ಬಳಿಕ ಕೆಲವು ಮಕ್ಕಳಿಗೆ ಹಾಲಿನ ಸಕ್ಕರೆ ತಾತ್ಕಾಲಿಕವಾಗಿ ಜೀರ್ಣವಾಗದೆ ಹೊಟ್ಟೆಯುಬ್ಬರಿಸುತ್ತದೆ. ಇದು ಅಲರ್ಜಿಯಲ್ಲ. ನಿಜವಾದ ಅಲರ್ಜಿಯಲ್ಲಿ ಹಾಲಿನ ಸಸಾರಜನಕವೇ ಕಾರಣ. ಅಂತಹ ಮಗುವಿಗೆ ಆಕಳ ಹಾಲಿಗೆ ಬದಲಾಗಿ ಮೇಕೆಯ ಹಾಲು ಕೊಡುವುದು ಅಪಾಯಕರ. ಎರಡರ ಸಸಾರಜನಕಗಳೂ ಬಹುಪಾಲು ಒಂದೇ ಬಗೆಯವು. ಹಾಲಿನ ಅಲರ್ಜಿ ಅನೇಕ ಮಕ್ಕಳಲ್ಲಿ ವಯಸ್ಸಾದಂತೆ ಮಾಯವಾಗುವುದರಿಂದ ಆಗಾಗ್ಗೆ ಮರುಪರಿಶೀಲನೆಯೂ ಅಗತ್ಯ.

ಮೂರನೆಯದು, ಸಂದೇಹ ಉಳಿದಾಗ ಮಾಡುವ ಆಹಾರ ಸೇವನಾ ಪರೀಕ್ಷೆ. ವೈದ್ಯರ ಕಣ್ಣೆದುರಿನಲ್ಲಿ, ತುರ್ತು ಚಿಕಿತ್ಸೆಯ ಸಿದ್ಧತೆಯೊಂದಿಗೆ, ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹಂತ ಹಂತವಾಗಿ ಆಹಾರವನ್ನು ತಿನ್ನಿಸಿ ನೋಡುವ ವಿಧಾನವಿದು. ಇದನ್ನು ಮನೆಯಲ್ಲಿ ಎಂದಿಗೂ ಪ್ರಯೋಗಿಸಬಾರದು.

ಪ್ರಾಣ ಉಳಿಸುವ ಮೊದಲ ಗಳಿಗೆ

ನಾಲ್ಕನೆಯ ಪಾಠವೇ ಎಲ್ಲಕ್ಕಿಂತ ಮುಖ್ಯವಾದುದು. ಗೇರುಬೀಜ, ಕಡಲೆಕಾಯಿ, ಹಾಲು ಅಥವಾ ಸಿಗಡಿಯಂತಹ ಆಹಾರ ತಿಂದ ಮಗುವಿಗೆ ಉಸಿರು ಕಟ್ಟಿ, ಧ್ವನಿ ಗೊಗ್ಗರಾಗಿ, ಮತ್ತೆ ಮತ್ತೆ ವಾಂತಿಯಾಗಿ, ಮೈ ತಣ್ಣಗಾದರೆ ಅದು ಅನಾಫಿಲ್ಯಾಕ್ಸಿಸ್ ಎಂಬ ಮಾರಕ ಆಘಾತ. ಆಗ ಮೊದಲು ಕೊಡಬೇಕಾದುದು ತುರಿಕೆಯ ಔಷಧವನ್ನಲ್ಲ, ಸ್ಟಿರಾಯ್ಡ್ ಚುಚ್ಚುಮದ್ದನ್ನೂ ಅಲ್ಲ, ಅಡ್ರಿನಲಿನ್ ಚುಚ್ಚುಮದ್ದನ್ನು. ತೊಡೆಯ ಹೊರಭಾಗದ ಸ್ನಾಯುವಿಗೆ, ದೇಹತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಮಿನಂತೆ ವೈದ್ಯರು ಇದನ್ನು ಕೊಡುತ್ತಾರೆ. ಗುಣ ಕಾಣದಿದ್ದರೆ 5 ನಿಮಿಷಗಳ ಬಳಿಕ ಮತ್ತೊಮ್ಮೆ ಕೊಡಬಹುದು.

ಮಣಿಪಾಲದಲ್ಲಿ 1953ರಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆದರೆ ಕಾರ್ಕಳದ ಹಳ್ಳಿಯ ಮಗುವಿಗೆ ಮಣಿಪಾಲ 30 ಕಿ.ಮೀ.ಗೂ ದೂರ. ಆಘಾತವು ಅಷ್ಟು ಹೊತ್ತು ಕಾಯುವುದಿಲ್ಲ. ಆದ್ದರಿಂದ ಕಾಪು, ಕಾರ್ಕಳಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ದಾದಿಯರು ಹಾಗೂ ಊರಿನ ಕುಟುಂಬವೈದ್ಯರು ಈ ತರಬೇತಿಯಲ್ಲಿ ಮೊದಲಿಗರಾಗಬೇಕು. ವಿರಳವಾದ ಕಾಯಿಲೆ ಅನುಭವಕ್ಕೆ ಬರುವುದೂ ವಿರಳ. ಅಭ್ಯಾಸವಿಲ್ಲದ ಕೈ ಆ ಗಳಿಗೆಯಲ್ಲಿ ತಡವರಿಸುತ್ತದೆ. ಔಷಧದ ಬೆಲೆ ಅಲ್ಪ. ಅದನ್ನು ಹಿಂಜರಿಯದೆ ಕೊಡುವ ಧೈರ್ಯ ಅಭ್ಯಾಸದಿಂದಲೇ ಬರಬೇಕು.

ವೈದ್ಯಶಾಸ್ತ್ರವೂ ಕಲಿಯುತ್ತಲೇ ಇದೆ

ಅಲರ್ಜಿಯ ಭಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು ಅಮೆರಿಕದ ಮಕ್ಕಳ ತಜ್ಞರು 2000ದಲ್ಲಿ ಹೇಳಿದ್ದರು. 2008ರಲ್ಲಿ ಆ ಸಲಹೆಯನ್ನು ಹಿಂದೆಗೆದುಕೊಂಡರು. 2015ರಲ್ಲಿ ಲಂಡನ್ನಿನ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಚರ್ಮ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ತೋರದ 530 ಶಿಶುಗಳ ಪೈಕಿ, ಕಡಲೆಕಾಯಿಯನ್ನು ದೂರವಿಟ್ಟವರಲ್ಲಿ ಶೇ. 13.7ರಷ್ಟು ಮಕ್ಕಳಿಗೆ ಐದನೆಯ ವಯಸ್ಸಿಗೆ ಅದರ ಅಲರ್ಜಿ ಬಂದಿತ್ತು. ಶೈಶವದಲ್ಲಿಯೇ ತಿನ್ನತೊಡಗಿದವರಲ್ಲಿ ಕೇವಲ ಶೇ. 1.9. ಹದಿನೈದೇ ವರ್ಷಗಳಲ್ಲಿ ಸಲಹೆ ತಲೆಕೆಳಗಾಯಿತು. ಹಳೆಯ ಪಾಠವನ್ನೇ ನೆಚ್ಚಿ ಕುಳಿತ ವೈದ್ಯರು ಇಂದಿಗೂ ಮೊದಲಿನ ಸಲಹೆಯನ್ನೇ ಕೊಟ್ಟಾರು.

ನಮ್ಮ ಕರ್ತವ್ಯ

ಸದ್ಭಕ್ತರು ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು. ವೈದ್ಯರ ಸಲಹೆಯಿಲ್ಲದೆ ಮಗುವಿನ ಯಾವುದೇ ಮುಖ್ಯ ಆಹಾರವನ್ನು ನಿಲ್ಲಿಸಬಾರದು. ತೊಂದರೆಯಾದ ದಿನ ಮಗು ತಿಂದುದನ್ನು, ಹೊತ್ತಿನ ಸಮೇತ ಬರೆದಿಡಬೇಕು. ದದ್ದಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಡಬೇಕು. ಉಸಿರಾಟಕ್ಕೆ ತೊಂದರೆಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆಮಾಡಿ, ಸಮೀಪದ ಆಸ್ಪತ್ರೆ ಸೇರಬೇಕು.

ದಾಸೋಹದ ಪಂಕ್ತಿಯಲ್ಲಿಯೂ ಈ ಎಚ್ಚರವಿರಲಿ. ಪಾಯಸಕ್ಕೆ ಗೇರುಬೀಜ ಹಾಕಿದ್ದೀರಾ ಎಂದು ತಾಯಿಯೊಬ್ಬಳು ಕೇಳಿದರೆ ಅದು ಪ್ರಸಾದದ ಅವಜ್ಞೆಯಲ್ಲ. ಬಡಿಸುವವರು ಸಮಾಧಾನದಿಂದ ಉತ್ತರಿಸಿ, ಆ ಮಗುವಿಗೆ ಒಗ್ಗುವುದನ್ನು ನೀಡಲಿ. ಹಸಿದ ಮಗುವಿಗೆ ಅನ್ನವಿಕ್ಕುವಷ್ಟೇ, ಆ ಅನ್ನದಿಂದ ಅದಕ್ಕೆ ಕೇಡಾಗದಂತೆ ಕಾಯುವುದೂ ದಾಸೋಹವೆಂದು ನಾವು ನಂಬುತ್ತೇವೆ.