ಪಂಚರು ಚಪ್ಪಾಳೆ ತಟ್ಟುವುದಿಲ್ಲವೇಕೆ?

ಸೊಲ್ಲಾಪುರ, ಅಕ್ಕಲಕೋಟಗಳ ಶಾಲಾ ಕ್ರೀಡಾಕೂಟಗಳಲ್ಲಿ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಮರಾಠಿ, ಉರ್ದು ಮಾಧ್ಯಮಗಳ ಮಕ್ಕಳೊಡನೆ ಒಂದೇ ಅಂಗಣದಲ್ಲಿ ಆಡುತ್ತಾರೆ. ಕಬಡ್ಡಿಯ ದಾಳಿಗಾರನು ಮೂವರನ್ನು ಮುಟ್ಟಿ ನಡುಗೆರೆಗೆ ಜಿಗಿದಾಗ, ಬಾಸ್ಕೆಟ್‌ಬಾಲ್‌ನಲ್ಲಿ ದೂರದಿಂದ ಎಸೆದ ಚೆಂಡು ನೇರವಾಗಿ ಬುಟ್ಟಿಗೆ ಬಿದ್ದಾಗ ಸುತ್ತಲಿನವರೆಲ್ಲ ಕೂಗಿ ಕುಣಿಯುತ್ತಾರೆ. ನಮ್ಮ ಭಾಗದಲ್ಲಿ ಪಂಚರೆಂದು ಕರೆಯುವ ತೀರ್ಪುಗಾರರು ಮಾತ್ರ ನಗುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ. ಅವರಿಗೆ ಆಟದ ರುಚಿಯೇ ಇಲ್ಲವೇ ಎಂದು ಪೋಷಕರು ನಮ್ಮನ್ನು ಕೇಳುವುದುಂಟು.

ಮೊದಲ ಕಾರಣ ಸರಳವಾದುದು. ಅದ್ಭುತ ಆಟ ನಡೆಯುವ ಗಳಿಗೆಯಲ್ಲಿಯೇ ಪಂಚರಿಗೆ ಹೆಚ್ಚಿನ ಕೆಲಸವಿರುತ್ತದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೇಸ್ಮಿತ್ ಬಾಸ್ಕೆಟ್‌ಬಾಲ್‌ಗೆ 13 ನಿಯಮಗಳನ್ನು ರೂಪಿಸಿದಾಗಲೇ ತೀರ್ಪಿನ ಹೊಣೆಯನ್ನು ಇಬ್ಬರಿಗೆ ಹಂಚಿದ್ದರು: ಒಬ್ಬರು ಆಟಗಾರರ ತಪ್ಪುಗಳನ್ನು, ಇನ್ನೊಬ್ಬರು ಚೆಂಡನ್ನು ಗಮನಿಸಬೇಕು. ಇಂದಿಗೂ ಚೆಂಡು ಗಾಳಿಯಲ್ಲಿರುವಾಗ ಪ್ರೇಕ್ಷಕರೆಲ್ಲರ ಕಣ್ಣು ಚೆಂಡಿನ ಮೇಲಿದ್ದರೆ, ತೀರ್ಪುಗಾರರೊಬ್ಬರ ಕಣ್ಣು ಎಸೆದವರ ಮೇಲಿರುತ್ತದೆ. ಎಸೆಯುವಾಗ ಕಾಲು 6.75 ಮೀಟರ್ ದೂರದ ಗೆರೆಯನ್ನು ತುಳಿದಿತ್ತೇ? ಎದುರಾಳಿಯ ಕೈ ತಗುಲಿತೇ? ಇವುಗಳನ್ನು ಕಣ್ಣೆವೆ ಮುಚ್ಚುವಷ್ಟರಲ್ಲಿ ನಿರ್ಣಯಿಸಬೇಕು. ಮೆಚ್ಚುತ್ತ ನಿಂತವರಿಗೆ ಇವು ಕಾಣುವುದಿಲ್ಲ.

ಆ ಗೆರೆಯ ಹೊರಗಿನಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ತೀರ್ಪುಗಾರರು ಎರಡೂ ಕೈಗಳನ್ನೆತ್ತಿ ಮೂರು ಮೂರು ಬೆರಳುಗಳನ್ನು ತೋರಿಸುತ್ತಾರೆ. ಅರಿಯದವರಿಗೆ ಅದು ಸಂಭ್ರಮದಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಮೂರು ಅಂಕಗಳೆಂದು ಅಂಕ ಬರೆಯುವವರಿಗೆ ತಿಳಿಸುವ ಸಂಜ್ಞೆ. ಯಾವ ತಂಡ ಗಳಿಸಿದರೂ ಅದೇ ಸಂಜ್ಞೆ.

ಎರಡನೆಯ ಕಾರಣ ವಿಶ್ವಾಸಕ್ಕೆ ಸಂಬಂಧಿಸಿದುದು. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಪಡೆದರು. ಕುಂಬ್ಳೆ ಎಂಬ ಹೆಸರಿನ ಮೂಲ ನಮ್ಮಂತೆಯೇ ಗಡಿನಾಡಾದ ಕಾಸರಗೋಡಿನ ಕುಂಬಳೆ. ಅವರು ಚೆಂಡೆಸೆಯುತ್ತಿದ್ದ ತುದಿಯಲ್ಲಿ ನಿಂತಿದ್ದ ಅಂಪೈರ್ ಎ.ವಿ. ಜಯಪ್ರಕಾಶ್ ಸಹ ಕನ್ನಡ ನಾಡಿನವರು, ಕರ್ನಾಟಕದ ಪರ ರಣಜಿ ಆಡಿದವರು. ಹತ್ತರಲ್ಲಿ ಮೂರು ವಿಕೆಟ್‌ಗಳು ಎಲ್‌ಬಿಡಬ್ಲ್ಯು, ಅಂದರೆ ಸಂಪೂರ್ಣವಾಗಿ ಅಂಪೈರ್ ವಿವೇಚನೆಗೆ ಬಿಟ್ಟವು.

ಒಂಬತ್ತು ವಿಕೆಟ್‌ಗಳಾದ ಮೇಲೆ ಇನ್ನೊಂದು ತುದಿಯಿಂದ ಎಸೆಯುತ್ತಿದ್ದ ಜಾವಗಲ್ ಶ್ರೀನಾಥ್, ಹತ್ತನೆಯದು ಗೆಳೆಯನಿಗೇ ಸಿಗಲೆಂದು ಚೆಂಡನ್ನು ವಿಕೆಟ್‌ನಿಂದ ದೂರಕ್ಕೆ ಎಸೆದರು. ಸಹ ಆಟಗಾರನಿಗೆ ಅದು ಶೋಭಿಸುತ್ತದೆ. ಅಂಪೈರ್‌ಗೆ ಅಂತಹ ಸ್ವಾತಂತ್ರ್ಯವಿಲ್ಲ. ಶ್ರೀನಾಥ್ ಮುಂದೆ ಐಸಿಸಿಯ ಮ್ಯಾಚ್ ರೆಫರಿಯಾದಾಗ ಈ ಇನ್ನೊಂದು ಧರ್ಮವನ್ನೂ ಪಾಲಿಸಬೇಕಾಯಿತು.

ಅಂದಿನ ಪದ್ಧತಿಯಂತೆ ಒಬ್ಬ ಅಂಪೈರ್ ಆತಿಥೇಯ ದೇಶದವರಾಗಿದ್ದರು. ಇನ್ನೊಬ್ಬರು ವೆಸ್ಟ್ ಇಂಡೀಸ್‌ನ ಸ್ಟೀವ್ ಬಕ್ನರ್. ತವರಿನ ಅಂಪೈರ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಎದುರಾಳಿಗಳ ಸಂಶಯ ತಪ್ಪುತ್ತಿರಲಿಲ್ಲ. ಆದುದರಿಂದಲೇ 2002ರಲ್ಲಿ ಟೆಸ್ಟ್ ಪಂದ್ಯಗಳಿಗೆ ಇಬ್ಬರೂ ತಟಸ್ಥ ದೇಶದವರೇ ಇರಬೇಕೆಂಬ ವ್ಯವಸ್ಥೆ ಬಂದಿತು.

ನಮ್ಮ ತಾಲೂಕು ಮಟ್ಟದ ಪಂದ್ಯಗಳಿಗೆ ಹೊರದೇಶದ ಪಂಚರು ಬರುವುದಿಲ್ಲ. ಸುತ್ತಮುತ್ತಲಿನ ಶಾಲೆಗಳ ಕ್ರೀಡಾ ಶಿಕ್ಷಕರೇ ಸೀಟಿ ಹಿಡಿಯಬೇಕಾಗುತ್ತದೆ. ಪಂಚರು ಒಂದು ತಂಡದ ಮಕ್ಕಳೊಡನೆ ಅವರ ಭಾಷೆಯಲ್ಲಿ ಮಾತನಾಡಿ ನಕ್ಕರೆ, ಸೋತ ಮಗು ಮನೆಗೆ ಒಯ್ಯುವುದು ಸೋಲನ್ನಷ್ಟೇ ಅಲ್ಲ. ‘ನಾವು ಕನ್ನಡದವರು, ಅದಕ್ಕೇ ಹೀಗಾಯಿತು’ ಎಂಬ ಅನುಮಾನವನ್ನೂ ಒಯ್ಯುತ್ತದೆ. ತೀರ್ಪು ನೂರಕ್ಕೆ ನೂರು ಸರಿಯಿದ್ದರೂ ಆ ಅನುಮಾನ ಅಳಿಯುವುದಿಲ್ಲ. ಕನ್ನಡ ಶಿಕ್ಷಕರು ಪಂಚರಾಗಿ ನಮ್ಮ ಹುಡುಗನ ಬೆನ್ನು ತಟ್ಟಿದಾಗ ಮರಾಠಿ ಮಗುವಿಗೂ ಇದೇ ನೋವಾಗುತ್ತದೆ. ನ್ಯಾಯವನ್ನು ಕೇಳುವ ನಾವು ಅದನ್ನು ಕೊಡುವುದರಲ್ಲಿಯೂ ಮುಂದಿರಬೇಕು.

ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಸೊಲ್ಲಾಪುರದಲ್ಲಿ ಪಂಚರ ಕೈಸನ್ನೆ ಯಾವ ಮನೆಮಾತಿಗೂ ಸೇರದ ಭಾಷೆ. ಅದನ್ನು ಎಲ್ಲ ಮಕ್ಕಳೂ ಸಮನಾಗಿ ಓದಬಲ್ಲರು. ಆದುದರಿಂದ ಪಂದ್ಯಕ್ಕೆ ಮೊದಲೇ ಮಕ್ಕಳಿಗೆ ಈ ಸನ್ನೆಗಳನ್ನು ಕಲಿಸೋಣ. ತಕರಾರಿದ್ದರೆ ತಂಡದ ನಾಯಕ ಅಥವಾ ಶಿಕ್ಷಕರು ಮಾತ್ರ ಶಾಂತವಾಗಿ ವಿಚಾರಿಸಲಿ. ಪೋಷಕರು ಗೆರೆಯಾಚೆ ನಿಂತು ಮನಸಾರೆ ಕೂಗಲಿ. ಎದುರಾಳಿ ಮಗು ಚೆನ್ನಾಗಿ ಆಡಿದಾಗಲೂ ಚಪ್ಪಾಳೆ ತಟ್ಟಲಿ. ಪಂಚರಿಗೆ ಆ ಅವಕಾಶವಿಲ್ಲ, ನಮಗಿದೆ.