ಕಲ್ಲಿದ್ದಲಿನ ಲೆಕ್ಕ ಬದಲಿಸಿದ ಜಾನ್ ಎಲ್ಡರ್

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ದೂರದ ಸಾಗರಮಾರ್ಗಗಳ ಸರಕು ಸಾಗಣೆ ಹಾಯಿಹಡಗುಗಳ ಕೈಯಲ್ಲೇ ಉಳಿದಿದ್ದಕ್ಕೆ ಉಗಿಹಡಗುಗಳು ಬಳಸುತ್ತಿದ್ದ ಕಲ್ಲಿದ್ದಲು ಮುಖ್ಯ ಕಾರಣವಾಗಿತ್ತು. ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕಾಲ ಪಡೆಯಲು ಆಗಿನ ಹಡಗಿನ ಎಂಜಿನ್ನು ಸಾಮಾನ್ಯವಾಗಿ ನಾಲ್ಕು ಪೌಂಡಿನಷ್ಟು ಕಲ್ಲಿದ್ದಲನ್ನು ಸುಡುತ್ತಿದ್ದುದರಿಂದ, ದಾರಿ ಉದ್ದವಾದಷ್ಟೂ ಹಡಗಿನ ಒಡಲನ್ನು ಇಂಧನವೇ ತುಂಬಿಕೊಂಡು, ಬಾಡಿಗೆ ತರಬೇಕಾದ ಸರಕಿಗೆ ಜಾಗ ಇಲ್ಲದಂತಾಗುತ್ತಿತ್ತು. ಗಾಳಿಗೆ ಹಣ ತೆರಬೇಕಿಲ್ಲದ ಹಾಯಿಹಡಗಿಗೆ ಈ ತೊಡಕು ಇರಲಿಲ್ಲ.

ಈ ಲೆಕ್ಕವನ್ನು ಬದಲಿಸಿದವರಲ್ಲಿ ಸ್ಕಾಟ್ಲೆಂಡಿನ ಜಾನ್ ಎಲ್ಡರ್ ಪ್ರಮುಖ. 1824ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದ ಈತನ ತಂದೆ ಡೇವಿಡ್ ಎಲ್ಡರ್, ರಾಬರ್ಟ್ ನೇಪಿಯರ್ ಎಂಬ ಹೆಸರಾಂತ ಹಡಗು ತಯಾರಕನ ಎಂಜಿನ್ ಕಾರ್ಖಾನೆಯಲ್ಲಿ ವ್ಯವಸ್ಥಾಪಕನಾಗಿದ್ದ. ಅದೇ ಕಾರ್ಖಾನೆಯಲ್ಲಿ ಐದು ವರ್ಷ ಕಸುಬು ಕಲಿತು, ಅನಂತರ ಅಲ್ಲಿನ ನಕ್ಷಾ ವಿಭಾಗದ ಮುಖ್ಯಸ್ಥನಾದ ಜಾನ್, 1852ರಲ್ಲಿ ಗಿರಣಿಯಂತ್ರಗಳನ್ನು ತಯಾರಿಸುತ್ತಿದ್ದ ಚಾರ್ಲ್ಸ್ ರಾಂಡಾಲ್ಫ್‌ನ ಸಂಸ್ಥೆಗೆ ಪಾಲುದಾರನಾಗಿ ಸೇರಿದ. ಶಾಖವು ಕೆಲಸವಾಗಿ ಮಾರ್ಪಡುವ ಬಗೆಯನ್ನು ವಿವರಿಸುವ ಉಷ್ಣಗತಿ ವಿಜ್ಞಾನ ರೂಪುಗೊಳ್ಳುತ್ತಿದ್ದ ಕಾಲ ಅದು. ಆ ವಿಜ್ಞಾನವನ್ನು ಕಟ್ಟಿದವರಲ್ಲಿ ಒಬ್ಬನಾದ ರಾಂಕಿನ್ ಗ್ಲಾಸ್ಗೋದಲ್ಲೇ ಪ್ರಾಧ್ಯಾಪಕನಾಗಿದ್ದು, ಮುಂದೆ ಎಲ್ಡರ್‌ನ ಜೀವನಚರಿತ್ರೆಯನ್ನೂ ಬರೆದ.

ಎಲ್ಡರ್ ಕೈಹಾಕಿದ ದೋಷ ಹೊರಗಣ್ಣಿಗೆ ಕಾಣುವಂಥದ್ದಲ್ಲ. ಉಗಿಯು ಸಿಲಿಂಡರಿನೊಳಗೆ ಹಿಗ್ಗುತ್ತಾ ಪಿಸ್ಟನ್ನನ್ನು, ಅಂದರೆ ಅದರೊಳಗೆ ಹಿಂದೆ ಮುಂದೆ ಸರಿಯುವ ಬಿಲ್ಲೆಯನ್ನು, ತಳ್ಳಿದಂತೆಲ್ಲ ತಾನು ತಣ್ಣಗಾಗಿ ಸಿಲಿಂಡರಿನ ಗೋಡೆಯನ್ನೂ ತಣ್ಣಗಾಗಿಸುತ್ತದೆ. ಮರುಕ್ಷಣ ಒಳನುಗ್ಗುವ ಹೊಸ ಉಗಿಯಲ್ಲಿ ಒಂದು ಪಾಲು ಆ ಗೋಡೆಗೆ ತಾಗಿ, ಯಾವ ಕೆಲಸವನ್ನೂ ಮಾಡದೆ ನೀರಾಗಿಬಿಡುತ್ತದೆ. ಹಿಗ್ಗುವಿಕೆಯನ್ನು ಎರಡು ಸಿಲಿಂಡರುಗಳಿಗೆ ಹಂಚಿದರೆ ಒಂದೊಂದರಲ್ಲೂ ಉಷ್ಣತೆಯ ಏರಿಳಿತ ಕಡಿಮೆಯಾಗಿ ಈ ನಷ್ಟ ತಗ್ಗುತ್ತದೆ. ಮೊದಲು ಚಿಕ್ಕ ಸಿಲಿಂಡರಿನಲ್ಲಿ ಹೆಚ್ಚಿನ ಒತ್ತಡದಿಂದ ದುಡಿದ ಉಗಿ, ಒತ್ತಡ ಕಳೆದುಕೊಂಡು ಗಾತ್ರದಲ್ಲಿ ಹಿಗ್ಗಿದ ಮೇಲೆ ದೊಡ್ಡ ಸಿಲಿಂಡರಿಗೆ ಹೋಗಿ ಮತ್ತೊಮ್ಮೆ ದುಡಿಯುವ ಈ ಯಂತ್ರಕ್ಕೆ ಕಾಂಪೌಂಡ್ ಎಂಜಿನ್ ಎಂದು ಹೆಸರು. ಇದರ ಮೂಲತತ್ತ್ವ ಎಲ್ಡರ್‌ನದಲ್ಲ. ಜೊನಾಥನ್ ಹಾರ್ನ್‌ಬ್ಲೋವರ್ 1781ರಷ್ಟು ಹಿಂದೆಯೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಅದನ್ನು ಕಡಲಿಗೆ ಒಗ್ಗಿಸಿದ್ದು ಎಲ್ಡರ್‌ನ ಸಾಧನೆ. ಸಿಲಿಂಡರುಗಳ ಸುತ್ತ ಬಿಸಿ ಉಗಿಯ ಕವಚವನ್ನು ಇರಿಸಿ ಗೋಡೆ ತಣಿಯದಂತೆ ನೋಡಿಕೊಂಡದ್ದಲ್ಲದೆ, ಪಿಸ್ಟನ್ನುಗಳು ಪರಸ್ಪರ ಎದುರು ದಿಕ್ಕಿಗೆ ಚಲಿಸುವಂತೆ ಜೋಡಿಸಿ, ಹಡಗಿನ ಮುಖ್ಯ ದಂಡದ ಮೇಲಿನ ಒತ್ತಡವನ್ನೂ ಘರ್ಷಣೆಯನ್ನೂ ಆತ ಕಡಿಮೆ ಮಾಡಿದ.

1853ರಲ್ಲಿ ಪೇಟೆಂಟ್ ಪಡೆದ ಈ ಬಗೆಯ ಎಂಜಿನ್ನನ್ನು ಮರುವರ್ಷ ‘ಬ್ರಾಂಡನ್’ ಎಂಬ ಹಡಗಿಗೆ ಅಳವಡಿಸಿದಾಗ ಇಂಧನದ ಬಳಕೆ ಸುಮಾರು ಮೂರೂಕಾಲು ಪೌಂಡಿಗೆ ಇಳಿಯಿತು. ಅದರ ಬೆಲೆಯನ್ನು ಬೇಗ ಅರಿತದ್ದು ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹಡಗು ನಡೆಸುತ್ತಿದ್ದ ಪೆಸಿಫಿಕ್ ಸ್ಟೀಮ್ ನ್ಯಾವಿಗೇಷನ್ ಕಂಪನಿ. ಕಲ್ಲಿದ್ದಲು ಬ್ರಿಟನ್ನಿನಿಂದ ಖಂಡವನ್ನೇ ಸುತ್ತಿಬಂದು ತಲುಪಬೇಕಿದ್ದ ಆ ಬಂದರುಗಳಲ್ಲಿ ಉಳಿಸಿದ ಒಂದೊಂದು ಟನ್ನೂ ನೇರವಾಗಿ ಲಾಭವೇ ಆಗಿತ್ತು.

ನೌಕಾಪಡೆಗೆ ಇಷ್ಟು ಸುಲಭವಾಗಿ ನಂಬಿಕೆ ಬರಲಿಲ್ಲ. 1865ರಲ್ಲಿ ಬ್ರಿಟಿಷ್ ನೌಕಾಪಡೆಯ ಅರೆಥ್ಯೂಸಾ, ಆಕ್ಟೇವಿಯಾ, ಕಾನ್ಸ್‌ಟನ್ಸ್ ಎಂಬ ಮೂರು ಹಡಗುಗಳು, ಮೂವರು ತಯಾರಕರ ಎಂಜಿನ್ನುಗಳನ್ನು ಹೊತ್ತು, ಪ್ಲಿಮತ್ ಬಂದರಿನಿಂದ ಮಡೀರಾ ದ್ವೀಪದತ್ತ ಪೈಪೋಟಿಗೆ ಹೊರಟವು. ಎಲ್ಡರ್‌ನ ಎಂಜಿನ್ ಇದ್ದ ಕಾನ್ಸ್‌ಟನ್ಸ್ ಅಶ್ವಶಕ್ತಿಗೆ ಗಂಟೆಗೆ ಎರಡೂವರೆ ಪೌಂಡಿನ ಆಸುಪಾಸಿನಲ್ಲೇ ನಿಭಾಯಿಸಿ ದ್ವೀಪಕ್ಕೆ ಎಲ್ಲಕ್ಕಿಂತ ಹತ್ತಿರ ತಲುಪಿದರೆ, ಉಳಿದೆರಡಕ್ಕೂ ಮೂರು ಪೌಂಡಿಗಿಂತ ಹೆಚ್ಚು ಬೇಕಾಯಿತು. ಆದರೆ ಆರು ಸಿಲಿಂಡರುಗಳ ಆ ಯಂತ್ರ ಭಾರವಾದದ್ದೂ ತೊಡಕಿನದ್ದೂ ಆಗಿದ್ದುದರಿಂದ ನೌಕಾಪಡೆಯ ಹಿಂಜರಿಕೆಯನ್ನು ಬರೀ ಮೊಂಡುತನ ಎನ್ನಲಾಗದು.

ಇನ್ನೊಂದು ಅಡ್ಡಿ ಬಾಯ್ಲರಿನದು. ಕಾಂಪೌಂಡ್ ಎಂಜಿನ್ನಿನ ಪೂರ್ಣ ಪ್ರಯೋಜನ ಸಿಗುವುದು ಹೆಚ್ಚಿನ ಒತ್ತಡದಲ್ಲಿ. ಕಡಲ ನೀರನ್ನೇ ಕುದಿಸುತ್ತಿದ್ದ ಬಾಯ್ಲರುಗಳಲ್ಲಿ ಒತ್ತಡ ಏರಿಸಿದಷ್ಟೂ ಉಪ್ಪು ಮತ್ತು ಸುಣ್ಣದಂಥ ಗಸಿ ಗಟ್ಟಿಯಾಗಿ ಅಂಟುತ್ತಿತ್ತು. ದುಡಿದ ಉಗಿಯನ್ನು ಕಡಲ ನೀರಿನೊಡನೆ ಬೆರೆಸದೆ, ತಣ್ಣನೆಯ ಕೊಳವೆಗಳಿಗೆ ತಾಗಿಸಿ ಸಿಹಿನೀರಾಗಿಸಿ ಮತ್ತೆ ಬಾಯ್ಲರಿಗೆ ಕಳಿಸುವ ಸರ್ಫೇಸ್ ಕಂಡೆನ್ಸರನ್ನು ಸ್ಯಾಮ್ಯುಯಲ್ ಹಾಲ್ 1830ರ ದಶಕದಲ್ಲೇ ರೂಪಿಸಿದ್ದರೂ ಅದು ವ್ಯಾಪಕವಾಗಿ ಬಳಕೆಗೆ ಬರಲು 1860ರ ದಶಕವೇ ಬೇಕಾಯಿತು. 1866ರಲ್ಲಿ ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ ತನ್ನದೇ ವಿನ್ಯಾಸದ ಕಾಂಪೌಂಡ್ ಎಂಜಿನ್ ಮತ್ತು ಚದರ ಅಂಗುಲಕ್ಕೆ 60 ಪೌಂಡ್ ಒತ್ತಡದ ಬಾಯ್ಲರುಳ್ಳ ‘ಅಗಮೆಮ್ನಾನ್’ ಹಡಗನ್ನು ಚೀನಾದ ವ್ಯಾಪಾರಕ್ಕೆ ಇಳಿಸಿದ.

ಎಲ್ಡರ್ 1869ರ ಸೆಪ್ಟೆಂಬರಿನಲ್ಲಿ, 45ನೆಯ ವಯಸ್ಸಿನಲ್ಲಿ ತೀರಿಕೊಂಡ. ಎರಡು ತಿಂಗಳ ಬಳಿಕ ಸೂಯೆಜ್ ಕಾಲುವೆ ತೆರೆಯಿತು. ಕೆಂಪುಸಮುದ್ರದ ಗಾಳಿಯನ್ನು ನೆಚ್ಚಲಾರದ ಹಾಯಿಹಡಗುಗಳಿಗೆ ಆ ದಾರಿಯಿಂದ ಹೆಚ್ಚು ಉಪಯೋಗವಾಗದೆ, ಮುಂಬಯಿಯ ವ್ಯಾಪಾರವೂ ಕ್ರಮೇಣ ಉಗಿಹಡಗುಗಳತ್ತ ಹೊರಳಿತು. 1874ರಲ್ಲಿ ಎಲ್ಡರ್‌ನ ಕಾರ್ಖಾನೆಯಲ್ಲೇ ಅಲೆಕ್ಸಾಂಡರ್ ಕರ್ಕ್ ಹಿಗ್ಗುವಿಕೆಯನ್ನು ಮೂರು ಹಂತಗಳಿಗೆ ಹಂಚಿದ ಎಂಜಿನ್ನನ್ನು ‘ಪ್ರೊಪಾಂಟಿಸ್’ ಹಡಗಿಗೆ ಜೋಡಿಸಿದ. ಎಂಜಿನ್ ಚೆನ್ನಾಗಿದ್ದರೂ ಬಾಯ್ಲರುಗಳು ಕೈಕೊಟ್ಟವು. ಎಲ್ಡರ್ ಕಸುಬು ಕಲಿತ ನೇಪಿಯರ್ ಸಂಸ್ಥೆಗೆ ಹೋಗಿ ಸೇರಿದ ಕರ್ಕ್, 1881ರಲ್ಲಿ ಉಕ್ಕಿನ ಬಾಯ್ಲರುಗಳೊಡನೆ ಅದೇ ಪ್ರಯೋಗವನ್ನು ‘ಅಬರ್ಡೀನ್’ ಹಡಗಿನಲ್ಲಿ ಮತ್ತೆ ಮಾಡಿದಾಗ, ಅದು ದಾರಿಯಲ್ಲಿ ಒಮ್ಮೆ ಮಾತ್ರ ಕಲ್ಲಿದ್ದಲು ತುಂಬಿಸಿಕೊಂಡು 42 ದಿನಗಳಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್ ತಲುಪಿತು.